ಐದು ಸೆಕೆಂಡ್ ಜಾಸ್ತಿ ಕೊಡಿಸೋಕೆ ಎರಡು ವರ್ಷ

ಮೊನ್ನೆ ಗುರುವಾರ ರಾತ್ರಿ ನಮ್ಮೂರ ಸಿಟಿ ಕಮಿಷನ್ ಮೀಟಿಂಗ್ ಮುಗಿಸ್ಕೊಂಡು ಮನೆಗೆ ಬಂದಾಗ ಹತ್ತೂವರೆ. ಸಾರು ಬಿಸಿ ಮಾಡ್ಕೊಂಡು ಅನ್ನ ಕಲಸ್ಕೊಂಡು ಕೂತಾಗ ಅನ್ನಿಸ್ತು, ನಾನು ಇದಕ್ಕೆ ಸೇರಿ ಎರಡು ವರ್ಷದ ಮೇಲಾಯ್ತು, ಒಂದ್ಸಲ ಎಲ್ಲಾ ಬರೆದಿಡೋಣ ಅಂತ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಮ್ಮ ಕನ್ನಡದವರು ಎಷ್ಟು ಜನ ಇದೀವಿ ಅಂದ್ರೆ ಯುಗಾದಿ ಫಂಕ್ಷನ್‌ಗೆ ಹಾಲ್ ಸಾಲಲ್ಲ, ಪಾರ್ಕಿಂಗ್ ಸಿಗದೆ ಎರಡು ಬೀದಿ ಆಚೆ ಗಾಡಿ ನಿಲ್ಲಿಸಿ ರೇಷ್ಮೆ ಸೀರೆ ಎತ್ಕೊಂಡು ನಡೀತೀವಿ, ಆದ್ರೆ ಅದೇ ಊರಿನ ಸಿಟಿ ಹಾಲ್ ಮೀಟಿಂಗಲ್ಲಿ ನಮ್ಮವರ ಮುಖ ನೋಡೋಕೆ ಸಿಗಲ್ಲ. ನಾನೂ ಹಂಗೇ ಇದ್ದೆ ಬಿಡಿ, ಹದಿನಾಲ್ಕು ವರ್ಷ.

ಊರಿನ ಹೆಸರು ಬೇಡ. ಸ್ಯಾನ್ ಹೊಸೆಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಕ್ಯಾಲ್‌ಟ್ರೇನ್ ರೈಲು ಲೈನ್ ಮೇಲೆ ಸಾಲಾಗಿರೋ ಊರುಗಳಲ್ಲಿ ಒಂದು ಅಂದ್ಕೊಳಿ. ಸ್ಟೇಷನ್ ಪಕ್ಕ ಒಂದು ಹಳೇ ಡೌನ್‌ಟೌನ್, ಎರಡು ಮೂರು ಬೀದಿ, ಅರ್ಧ ರೆಸ್ಟೋರೆಂಟ್, ಕಾಲು ಭಾಗ ಖಾಲಿ ಅಂಗಡಿ, ಮಧ್ಯೆ ಮಧ್ಯೆ ಬರೀ ಪಾರ್ಕಿಂಗ್ ಲಾಟು. ಅದನ್ನ ಹೊಸದಾಗಿ ಕಟ್ಟೋ ಪ್ಲಾನ್ ಮೇಲೆ ಸಿಟಿ ಕೌನ್ಸಿಲ್‌ಗೆ ಸಲಹೆ ಕೊಡೋಕೆ ಏಳು ಜನರ ಒಂದು ಕಮಿಷನ್. ಸಂಬಳ ಇಲ್ಲ, ಅಧಿಕಾರ ಇಲ್ಲ, ಮೀಟಿಂಗ್ ದಿನ ಒಂದು ನೀರಿನ ಬಾಟಲಿ ಮತ್ತೆ ಕುಕಿ.

ಸೇರಿದ್ದು ಯಾಕೆ ಅಂದ್ರೆ ಅಮ್ಮನಿಂದ. ಮೈಸೂರಿಂದ ಬಂದು ಆರು ತಿಂಗಳು ಇದ್ಲು ಆ ವರ್ಷ. ಮನೇಲಿ ಕೂತು ಕೂತು ಬೇಜಾರಾಗಿ ದಿನಾ ಬೆಳಗ್ಗೆ ಡೌನ್‌ಟೌನ್ ಕಡೆ ವಾಕಿಂಗ್ ಹೊರಡೋಳು, ಮಧ್ಯೆ ಒಂದು ದೊಡ್ಡ ರಸ್ತೆ ದಾಟ್ಬೇಕು. ಲೆಫ್ಟ್ ಟರ್ನ್ ಲೇನ್ ಸೇರಿ ಐದು ಲೇನು, ಎರಡೂ ಕಡೆ ಸೈಕಲ್ ಲೇನು, ಒಟ್ಟು 70 ಅಡಿ. ಬಟನ್ ಒತ್ತಿ ಬಿಳಿ ಮನುಷ್ಯ ಬಂದ ಮೇಲೆ ಹೊರಟ್ರೂ, ಕೆಂಪು ಕೈ ಮಿಟುಕ್ತಾ 20, 19, 18 ಅಂತ ಇಳೀತಾ ಬರುತ್ತಲ್ಲ, ಅದು ಸೊನ್ನೆ ಆಗೋವಾಗ ಅಮ್ಮ ಇನ್ನೂ ನಾಲ್ಕನೇ ಲೇನಲ್ಲಿ. ಮಂಡಿ ಆಪರೇಷನ್ ಆಗಿದೆ, ಓಡೋಕೂ ಆಗಲ್ಲ. ಕಾರುಗಳು ಸುಮ್ನೆ ನಿಂತಿರ್ತಾವೆ, ಯಾರೂ ಹಾರ್ನ್ ಹೊಡೆಯಲ್ಲ, ಆದ್ರೆ ಎಲ್ಲಾ ಒಳಗಿಂದ ನೋಡ್ತಿರ್ತಾರೆ. ಆ ನೋಟವೇ ಅಮ್ಮನಿಗೆ ಆಗ್ತಿರ್ಲಿಲ್ಲ. "ಮೈಸೂರಲ್ಲಿ ಕೈ ಅಡ್ಡ ಹಿಡಿದ್ರೆ ಸಿಟಿ ಬಸ್ಸೂ ನಿಲ್ಲುತ್ತೆ ಕಣೇ, ಇಲ್ಲಿ ಲೈಟಿಗೆ ಕಣ್ಣೇ ಇಲ್ವಲ್ಲೇ" ಅಂದ್ಲು. ಒಂದು ವಾರ ಆದ್ಮೇಲೆ ವಾಕಿಂಗ್ ಹೋಗೋದೇ ಬಿಟ್ಲು.

ನಾನು ಸಿಟಿಗೆ ಒಂದು ಇಮೇಲ್ ಹಾಕಿದೆ. ತುಂಬಾ ಮರ್ಯಾದೆಯಾಗಿ ಉತ್ತರ ಬಂತು, ಆ ಸಿಗ್ನಲ್ ಸ್ಟ್ಯಾಂಡರ್ಡ್ ಪ್ರಕಾರವೇ ಇದೆ, ನಿಮ್ಮ ಕಾಳಜಿಗೆ ಧನ್ಯವಾದ ಅಂತ. ಕೆಳಗೆ ಒಂದು ಲೈನು, ಕಮಿಷನ್‌ನಲ್ಲಿ ಎರಡು ಸೀಟ್ ಖಾಲಿ ಇದೆ, ಆಸಕ್ತಿ ಇದ್ರೆ ಅಪ್ಲೈ ಮಾಡಿ. ಅದು ಎಲ್ಲಾ ಇಮೇಲಿಗೂ ಹೋಗೋ ಲೈನು ಅಂತ ನಂಗೆ ಆಮೇಲೆ ಗೊತ್ತಾಗಿದ್ದು, ನಾನು ನನ್ನನ್ನೇ ಕರೀತಿದಾರೆ ಅಂದ್ಕೊಂಡು ಅಪ್ಲೈ ಮಾಡಿಬಿಟ್ಟೆ.

ಇಂಟರ್‌ವ್ಯೂ ಐದೇ ನಿಮಿಷ. ಕೌನ್ಸಿಲ್ ಮೆಂಬರ್‌ಗಳು ಎತ್ತರದ ಸೀಟಲ್ಲಿ ಸಾಲಾಗಿ ಕೂತಿರ್ತಾರೆ, ನಾವು ಕೆಳಗೆ ಮೈಕ್ ಮುಂದೆ. ಡೌನ್‌ಟೌನ್ ಬಗ್ಗೆ ನಿಮ್ಮ ವಿಷನ್ ಏನು ಅಂತ ಕೇಳಿದ್ರು. ಮನೇಲಿ ಗಿಣಿ ಪಾಠ ಮಾಡ್ಕೊಂಡು ಹೋಗಿದ್ದೆಲ್ಲ ಮರೆತು ಹೋಗಿ ಅಮ್ಮ ರಸ್ತೆ ದಾಟೋ ಕಥೆ ಹೇಳ್ಬಿಟ್ಟೆ. ತಗೊಂಡ್ರು. ಬೇರೆ ಅಪ್ಲಿಕೇಷನ್ ಎಷ್ಟು ಬಂದಿತ್ತು ಅಂತ ಕೇಳ್ಬೇಡಿ, ಎರಡು ಸೀಟಿಗೆ ಮೂರು ಜನ.

ಆಮೇಲೆ ಪ್ರಮಾಣವಚನ. ಬಲಗೈ ಎತ್ತಿ, ಅಮೆರಿಕದ ಸಂವಿಧಾನವನ್ನೂ ಕ್ಯಾಲಿಫೋರ್ನಿಯಾದ ಸಂವಿಧಾನವನ್ನೂ ದೇಶದ ಒಳಗಿನ ಹೊರಗಿನ ಎಲ್ಲ ಶತ್ರುಗಳಿಂದ ಕಾಪಾಡ್ತೀನಿ ಅಂತ. ಫುಟ್‌ಪಾತ್ ಬಗ್ಗೆ ಸಲಹೆ ಕೊಡೋಕೆ ಬಂದವಳಿಗೆ ಇಷ್ಟು ದೊಡ್ಡ ಜವಾಬ್ದಾರಿ! ನಮ್ಮನೆಯವರು ಫೋಟೋ ತೆಗೀತಾ ನಗ್ತಿದ್ರು. ಅವರ ನಗು ನಿಂತಿದ್ದು ಫಾರ್ಮ್ 700 ಬಂದಾಗ. ಯಾವ್ಯಾವ ಕಂಪನಿ ಷೇರು ಎರಡು ಸಾವಿರ ಡಾಲರ್‌ಗಿಂತ ಮೇಲಿದೆ, ಎಲ್ಲಿ ಆಸ್ತಿ ಇದೆ, ಗಂಡನ ಆದಾಯ ಎಲ್ಲಿಂದ, ಎಲ್ಲಾ ಬರೀಬೇಕು, ಯಾರು ಬೇಕಾದ್ರೂ ಕೇಳಿ ತಗೊಂಡು ಓದಬಹುದು. "ನೀನು ಸಮಾಜಸೇವೆ ಮಾಡೋಕೆ ನನ್ನ ಷೇರು ಯಾಕೆ ಊರಿಗೆಲ್ಲ ಗೊತ್ತಾಗ್ಬೇಕು" ಅಂತ ಎರಡು ದಿನ ಗೊಣಗಿದ್ರು. ಆದ್ರೆ ಈ ಫಾರ್ಮ್ ಯಾಕೆ ಬೇಕು ಅಂತ ಮೊದಲನೇ ಮೀಟಿಂಗಲ್ಲೇ ಅರ್ಥ ಆಯ್ತು. ನಮ್ಮಲ್ಲೊಬ್ಬರ ಕಾಂಡೊ ಅವತ್ತು ಚರ್ಚೆಗೆ ಬಂದಿದ್ದ ಪ್ರಾಜೆಕ್ಟ್ ಸೈಟಿಂದ 500 ಅಡಿ ಒಳಗೆ ಇತ್ತು, ಅಷ್ಟು ಹತ್ತಿರ ಆಸ್ತಿ ಇದ್ರೆ ನಿಮಗೆ ಲಾಭ ನಷ್ಟ ಇದೆ ಅಂತಲೇ ಕಾನೂನು ಅಂದ್ಕೊಳತ್ತೆ, ಅವರು ಕಾರಣ ಹೇಳಿ ರೂಮಿಂದ ಎದ್ದು ಹೋದ್ರು, ಆ ಐಟಂ ಮುಗಿಯೋವರೆಗೂ ಹೊರಗೆ ಕಾರಿಡಾರಲ್ಲಿ ಕೂತಿದ್ರು, ಟೀಚರ್ ಹೊರಗೆ ಹಾಕಿದ ಹುಡುಗನ ಹಾಗೆ.

ನನ್ನ ಮೊದಲ ಎಡವಟ್ಟು ವಾಟ್ಸಾಪ್. ಮೊದಲನೇ ದಿನ ಕಾಫಿ ಬ್ರೇಕಲ್ಲಿ ಉತ್ಸಾಹದಿಂದ, ಏಳೂ ಜನ ಸೇರಿ ಒಂದು ಗ್ರೂಪ್ ಮಾಡೋಣ್ವಾ, ಐಡಿಯಾ ಎಲ್ಲಾ ಅಲ್ಲೇ ಡಿಸ್ಕಸ್ ಮಾಡಬಹುದು ಅಂದೆ. ನಮ್ಮವರು ನಾಲ್ಕು ಜನ ಸೇರಿದ್ರೆ ಮೊದಲು ಗ್ರೂಪ್ ತಾನೇ ಮಾಡೋದು. ಸಿಟಿ ಕಡೆಯಿಂದ ನಮ್ಮನ್ನ ನೋಡ್ಕೊಳೋ ಸ್ಟಾಫ್ ಲಿಯೇಜಾನ್ ಹೆಂಗಸಿನ ಮುಖ ಬಿಳುಚ್ಕೊಂಡು ಹೋಯ್ತು. ಇಲ್ಲಿ ಬ್ರೌನ್ ಆಕ್ಟ್ ಅಂತ ಒಂದು ಕಾನೂನು, 1953ರದ್ದು, ರಾಲ್ಫ್ ಬ್ರೌನ್ ಅನ್ನೋ ಅಸೆಂಬ್ಲಿ ಮೆಂಬರ್ ತಂದಿದ್ದು. ಸಾರ್ವಜನಿಕ ಸಮಿತಿ ಏನೇ ಮಾತಾಡಿದ್ರೂ ಸಾರ್ವಜನಿಕವಾಗೇ ಮಾತಾಡ್ಬೇಕು, ಅಜೆಂಡಾ 72 ಗಂಟೆ ಮುಂಚೆ ಹೊರಗೆ ಅಂಟಿಸ್ಬೇಕು, ಅಜೆಂಡಾದಲ್ಲಿ ಇಲ್ಲದ್ದನ್ನ ಚರ್ಚೆ ಮಾಡಂಗಿಲ್ಲ. ಏಳು ಜನದಲ್ಲಿ ನಾಲ್ಕು ಜನ ಒಟ್ಟಿಗೆ ಇಮೇಲಲ್ಲಿ ಮಾತಾಡಿದ್ರೂ ಅದು ಗುಟ್ಟಿನ ಮೀಟಿಂಗ್. ಒಟ್ಟಿಗೆ ಅಲ್ಲ, ನಾನು ನಿಮಗೆ ಹೇಳಿ, ನೀವು ಮೂರನೆಯವರಿಗೆ ಹೇಳಿ, ಅವರು ನಾಲ್ಕನೆಯವರಿಗೆ ಹೇಳಿದ್ರೂ ತಪ್ಪೇ. ಅವತ್ತಿಂದ ಊರಲ್ಲಿ ಎಲ್ಲಾದ್ರೂ ಇನ್ನೊಬ್ಬ ಕಮಿಷನರ್ ಸಿಕ್ಕಿದ್ರೆ ಹವಾಮಾನ ಬಿಟ್ಟು ಬೇರೆ ಮಾತಾಡೋಕೇ ಹೆದರಿಕೆ.

ಮೀಟಿಂಗಿನ ಕಾಗದಪತ್ರ ಎಲ್ಲಾ ಸೇರಿಸಿ ಪ್ಯಾಕೆಟ್ ಅಂತ ಕಳಿಸ್ತಾರೆ ಮೂರು ನಾಲ್ಕು ದಿನ ಮುಂಚೆ, 280 ಪುಟ. ಮೊದಮೊದಲು ಪೂರ್ತಿ ಓದ್ತಿದ್ದೆ, ಈಗ ಗೊತ್ತಾಗಿದೆ, ಸ್ಟಾಫ್ ರಿಪೋರ್ಟ್‌ನ ಕೊನೇಲಿ ಆಲ್ಟರ್ನೇಟಿವ್ಸ್ ಅಂತ ಒಂದು ಪಟ್ಟಿ ಇರುತ್ತೆ, ಮೊದಲು ಅದನ್ನ ಓದ್ಬೇಕು. ಅಲ್ಲಿ ಇರೋದ್ರಲ್ಲೇ ಒಂದು ಆಗೋದು, ಹೊಸದಾಗಿ ನೀವು ಏನೇ ಹೇಳಿದ್ರೂ "ನೋಟ್ ಮಾಡ್ಕೊಳ್ತೀವಿ."

ಪಾರ್ಕಿಂಗ್ ರಾತ್ರಿ ಒಂದನ್ನ ಹೇಳ್ಲೇಬೇಕು. ಸ್ಟೇಷನ್ ಪಕ್ಕದ ಲಾಟಲ್ಲಿ ಕೆಳಗೆ ಅಂಗಡಿ ಮೇಲೆ ಅಪಾರ್ಟ್‌ಮೆಂಟ್ ಕಟ್ಟೋ ಪ್ರಪೋಸಲ್. ಸಾಮಾನ್ಯವಾಗಿ ಮೂರು ಜನ ಬರೋ ಮೀಟಿಂಗಿಗೆ ಅವತ್ತು ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ರು. ಒಬ್ಬೊಬ್ಬರಿಗೆ ಮೂರು ನಿಮಿಷ, ಮೈಕ್ ಪಕ್ಕ ಹಸಿರು ಹಳದಿ ಕೆಂಪು ಲೈಟು, ಎರಡೂ ಮುಕ್ಕಾಲು ಗಂಟೆ ನಡೀತು. ಹೂವಿನ ಅಂಗಡಿಯವರು ಪಾರ್ಕಿಂಗ್ ಹೋದ್ರೆ ಗಿರಾಕಿ ಹೋಗ್ತಾರೆ ಅಂತ ಗಂಟಲು ಕಟ್ಕೊಂಡು ಮಾತಾಡಿದ್ರು. ಒಬ್ಬ ಅಜ್ಜ, ಇದೆಲ್ಲ ಏಪ್ರಿಕಾಟ್ ತೋಟ ಆಗಿದ್ದ ಕಾಲದಿಂದ ಇರೋರು, ಪ್ರತಿ ಮೀಟಿಂಗಿಗೂ ಬರ್ತಾರೆ, ಪ್ರತಿ ಸಲ ಏಪ್ರಿಕಾಟಿಂದಲೇ ಶುರು ಮಾಡ್ತಾರೆ, ಪಾರ್ಕಿಂಗಿಗೆ ಬರೋಷ್ಟರಲ್ಲಿ ಕೆಂಪು ಲೈಟು. ಇಪ್ಪತ್ತೈದು ವರ್ಷದ ಹುಡುಗಿ ಒಬ್ಬಳು, ಇಲ್ಲೇ ಹುಟ್ಟಿ ಬೆಳೆದೋಳು, ಬಾಡಿಗೆ ಕೊಡೋಕಾಗದೆ ಅಷ್ಟು ದೂರದ ಟ್ರೇಸಿ ಊರಿಂದ ಓಡಾಡ್ತಿದೀನಿ, ನಿಮ್ಮ ಕಾರಿಗೆ ಇಲ್ಲಿ ಮನೆ ಇದೆ ನನಗಿಲ್ಲ ಅಂದ್ಲು. ಹಿಂದಿನ ಸಾಲಲ್ಲಿ ಚಪ್ಪಾಳೆ, ಮುಂದಿನ ಸಾಲಲ್ಲಿ ಗೊಣಗಾಟ.

ಇಷ್ಟೆಲ್ಲ ಆದ್ಮೇಲೆ ನಾವು ಏಳು ಜನ ಚರ್ಚೆ ಶುರು ಮಾಡಿದ್ವಿ, ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗೆ. ಅಪಾರ್ಟ್‌ಮೆಂಟಿಗೆ ಒಂದೂವರೆ ಕಾರ್ ಜಾಗ ಬೇಕು ಅಂತ ಒಬ್ರು, ಒಂದು ಸಾಕು ಅಂತ ಇನ್ನೊಬ್ರು. ಆಗ ಸಿಟಿ ಲಾಯರ್ ನಿಧಾನಕ್ಕೆ ಮೈಕ್ ಆನ್ ಮಾಡಿ ಹೇಳಿದ್ರು, 2023ರ ಜನವರಿ 1ರಿಂದ ಎಬಿ 2097 ಅಂತ ರಾಜ್ಯದ ಕಾನೂನು ಜಾರಿಯಲ್ಲಿದೆ, ಟ್ರೈನ್ ಸ್ಟೇಷನ್ ಥರದ ಮುಖ್ಯ ಟ್ರಾನ್ಸಿಟ್ ಸ್ಟಾಪಿಂದ ಅರ್ಧ ಮೈಲಿ ಒಳಗೆ ಇಷ್ಟು ಪಾರ್ಕಿಂಗ್ ಇರ್ಲೇಬೇಕು ಅಂತ ಸಿಟಿ ಸಾಮಾನ್ಯವಾಗಿ ಒತ್ತಾಯ ಮಾಡಂಗಿಲ್ಲ, ಬಿಲ್ಡರ್ ತಾನಾಗೇ ಕಟ್ಟಿದ್ರೆ ಕಟ್ಟಬಹುದು ಅಷ್ಟೇ ಅಂತ. ರೂಮೆಲ್ಲ ಒಂದು ಕ್ಷಣ ತೆಪ್ಪಗಾಯ್ತು. ಹೂವಿನಂಗಡಿಯವರು ನನ್ನನ್ನೇ ನೋಡ್ತಿದ್ರು, ಗೊತ್ತಿದ್ದೂ ನಮ್ಮನ್ನ ಯಾಕೆ ಕೂರಿಸ್ಕೊಂಡ್ರಿ ಅನ್ನೋ ಥರ. ನಂಗೆ ಗೊತ್ತಿರ್ಲಿಲ್ಲ, ನಿಜವಾಗ್ಲೂ. ಪ್ಯಾಕೆಟ್‌ನ 190ನೇ ಪುಟದಲ್ಲಿ ಇತ್ತಂತೆ. ನನ್ನ ಕೇಳಿದ್ರೆ ಆ ಕಾನೂನು ಸರಿಯಾದದ್ದೇ, ಆದ್ರೆ ಆ ಮಾತನ್ನ ಏಳು ಗಂಟೆಗೆ ಹೇಳೋದನ್ನ ಬಿಟ್ಟು ಹತ್ತು ಗಂಟೆಗೆ ಹೇಳೋದು ಸರಿ ಅಲ್ಲ. ಮುಂದಿನ ಮೀಟಿಂಗಿಂದ, ಯಾವುದು ನಮ್ಮ ಕೈಯಲ್ಲಿ ಇಲ್ಲ ಅಂತ ಮೊದಲೇ ಹೇಳಿ ಆಮೇಲೆ ಪಬ್ಲಿಕ್ ಕಾಮೆಂಟ್ ತಗೊಳೋಣ ಅಂತ ನಾನು ಕೇಳ್ಕೊಂಡೆ, ಅದನ್ನ ಒಪ್ಪಿದ್ರು.

ದುಡ್ಡಿನ ವಿಷಯ ಇನ್ನೊಂದು. ಇಷ್ಟು ಶ್ರೀಮಂತ ಊರು, ಒಂದು ಡೌನ್‌ಟೌನ್ ರಿಪೇರಿ ಮಾಡೋಕೆ ಬಿಲ್ಡರ್ ಮುಖ ಯಾಕೆ ನೋಡ್ಬೇಕು ಅಂತ ನಂಗೆ ಅರ್ಥಾನೇ ಆಗ್ತಿರ್ಲಿಲ್ಲ. ಹಳೇ ಪ್ಲಾನಿಂಗ್ ಆಫೀಸರ್ ಒಬ್ಬರು ಕೂರಿಸ್ಕೊಂಡು ಹೇಳಿದ್ರು. ಮುಂಚೆ ಇಲ್ಲಿ ರೀಡೆವಲಪ್‌ಮೆಂಟ್ ಏಜೆನ್ಸಿ ಅಂತ ಇದ್ವು, ರಾಜ್ಯದಲ್ಲೆಲ್ಲ ಸೇರಿ 400ರ ಹತ್ರ. ಒಂದು ಏರಿಯಾನ "ಹಾಳು ಬಿದ್ದಿದೆ" ಅಂತ ಘೋಷಣೆ ಮಾಡಿದ್ರೆ ಅವತ್ತಿನ ಪ್ರಾಪರ್ಟಿ ಟ್ಯಾಕ್ಸ್ ಅಲ್ಲಿಗೇ ನಿಂತ ಹಾಗೆ ಲೆಕ್ಕ, ಮುಂದೆ ಎಷ್ಟು ಏರುತ್ತೋ ಆ ಏರಿಕೆಯ ದೊಡ್ಡ ಪಾಲು ಏಜೆನ್ಸಿಗೆ, ಅದನ್ನ ತೋರಿಸಿ ಸಾಲ ಎತ್ತಿ ಜಾಗ ಕೊಂಡ್ಕೊಂಡು ಕೆಡವಿ ಕಟ್ಟೋದು. 1978ರಲ್ಲಿ ಪ್ರಾಪ್ 13 ಅಂತ ಜನರೇ ವೋಟ್ ಹಾಕಿ ತಂದ ಕಾನೂನು ಬಂದು ಪ್ರಾಪರ್ಟಿ ಟ್ಯಾಕ್ಸ್‌ಗೆ ಮೂಗುದಾರ ಹಾಕಿದ ಮೇಲಂತೂ ಊರುಗಳಿಗೆ ಈ ದಾರಿ ಇನ್ನೂ ರುಚಿಸ್ತು. ಆದ್ರೆ ಆ ದುಡ್ಡು ಸ್ಕೂಲಿಗೆ ಕೌಂಟಿಗೆ ಹೋಗ್ಬೇಕಾಗಿದ್ದು ಅನ್ನೋ ಜಗಳ ಇತ್ತು. 2011ರಲ್ಲಿ ರಾಜ್ಯದ ಬಜೆಟ್ ತೂತು ಬಿದ್ದಾಗ ಗವರ್ನರ್ ಜೆರ್ರಿ ಬ್ರೌನ್ ಇವನ್ನ ಮುಚ್ಚೋ ಕಾನೂನು ತಂದ್ರು (ಈ ಬ್ರೌನೇ ಬೇರೆ, ವಾಟ್ಸಾಪ್ ತಪ್ಪಿಸಿದ ಬ್ರೌನೇ ಬೇರೆ), ಊರುಗಳು ಕೋರ್ಟಿಗೆ ಹೋಗಿ ಸೋತ್ವು, 2012ರ ಫೆಬ್ರವರಿ 1ಕ್ಕೆ ಎಲ್ಲಾ ಏಜೆನ್ಸಿ ಬಂದ್. ಅವತ್ತಿಂದ ಡೌನ್‌ಟೌನ್ ಬದಲಾಗ್ಬೇಕು ಅಂದ್ರೆ ಹೆಚ್ಚೂಕಡಿಮೆ ಬಿಲ್ಡರ್ ಬರ್ಬೇಕು, ಅವನ ಲೆಕ್ಕ ಕೂಡಿ ಬರ್ಬೇಕು.

ಅಯ್ಯೋ ಒಳ್ಳೇದನ್ನ ಮುಚ್ಚಿಬಿಟ್ರಲ್ಲ ಅಂತ ನಾನು ಅಂದ್ಕೊಂಡಿದ್ದೆ. ಒಂದು ಮೀಟಿಂಗಲ್ಲಿ ಒಬ್ಬರು ಹಿರಿಯ ಕರಿಯ ಹೆಂಗಸು ಮೈಕ್ ಹತ್ರ ಬಂದ್ರು. ಅವರ ಅಪ್ಪ ಅಮ್ಮ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್‌ನಲ್ಲಿ ಇದ್ದವರು, ಯುದ್ಧ ಆದ್ಮೇಲಿನ ದಶಕಗಳಲ್ಲಿ ರೀಡೆವಲಪ್‌ಮೆಂಟ್ ಹೆಸರಲ್ಲಿ ಆ ಪೇಟೆನ ಬ್ಲಾಕ್ ಬ್ಲಾಕ್ ಆಗಿ ಕೆಡವಿ ಕರಿಯರನ್ನ, ಜಪಾನಿಯರನ್ನ ಸಾವಿರಾರು ಜನರನ್ನ ಎಬ್ಬಿಸಿದ್ರು, ವಾಪಸ್ ಬರಬಹುದು ಅಂತ ಕೈಗೆ ಕಾಗದ ಕೊಟ್ಟಿದ್ರು, ಬಹಳಷ್ಟು ಜನ ಬರೋಕಾಗ್ಲೇ ಇಲ್ಲ. "ಆ ಪದ ನಿಮಗೆ ಪ್ಲಾನು, ನಮಗೆ ಟ್ರಕ್ಕು" ಅನ್ನೋ ಅರ್ಥದಲ್ಲಿ ಏನೋ ಹೇಳಿ ಲೈಟ್ ಇನ್ನೂ ಹಸಿರು ಇರೋವಾಗ್ಲೇ ಹೋಗಿ ಕೂತ್ರು. ಅವತ್ತು ನಾನು ಮನೆಗೆ ಬಂದು ನಮ್ಮ ಪ್ಲಾನಲ್ಲಿ ಈಗಿರೋ ಬಾಡಿಗೆ ಅಂಗಡಿಗಳ ಬಗ್ಗೆ ಏನಿದೆ ಅಂತ ಹುಡುಕಿದೆ, ಒಂದು ಪ್ಯಾರಾ ಇತ್ತು. ಒಂದೇ ಪ್ಯಾರಾ.

ಒಂದು ಶನಿವಾರ ನಾವು ಮೂರು ಜನ ಕಮಿಷನರ್‌ಗಳು (ನಾಲ್ಕಾದ್ರೆ ಬ್ರೌನ್ ಆಕ್ಟ್!) ಸನಿವೇಲ್‌ಗೆ ಹೋಗಿ ಬಂದ್ವಿ. ಆ ಊರಿನ ಕಥೆ ಇಲ್ಲಿ ಪ್ಲಾನಿಂಗ್ ಅಂದ್ರೆ ಎಲ್ಲರೂ ಹೇಳೋ ಕಥೆ. ಎಪ್ಪತ್ತರ ದಶಕದಲ್ಲಿ ಹಳೇ ಪೇಟೆ ಬಹುಪಾಲು ಕೆಡವಿ 1979ರಲ್ಲಿ ಟೌನ್ ಸೆಂಟರ್ ಅಂತ ದೊಡ್ಡ ಮಾಲ್ ತೆರೆದ್ರು, ಮರ್ಫಿ ಅವೆನ್ಯೂದ ಒಂದು ಬ್ಲಾಕ್ ಮಾತ್ರ ಉಳೀತು. ಮಾಲ್ ಕೆಲವು ವರ್ಷ ಮಿಂಚಿ ಆಮೇಲೆ ಸೊರಗಿ, ಎರಡು ಸಾವಿರದ ದಶಕದಲ್ಲಿ ಅದನ್ನೂ ಮುಚ್ಚಿ ಕೆಡವಿದ್ರು, ಹೊಸದು ಕಟ್ಟೋಕೆ ಶುರು ಮಾಡಿದ್ರು, ಅಷ್ಟರಲ್ಲಿ ಆರ್ಥಿಕ ಕುಸಿತ, 2009ರಲ್ಲಿ ಬಿಲ್ಡರ್ ಸಾಲ ತೀರಿಸೋಕಾಗದೆ ಬ್ಯಾಂಕ್ ಕೈಗೆ, ಆಮೇಲೆ ಕೋರ್ಟು ಕಚೇರಿ. ನಾನು ಮೊದಲು ಈ ದೇಶಕ್ಕೆ ಬಂದಾಗ ಟಾರ್ಗೆಟ್ ಅಂಗಡಿಗೆ ಹೋಗೋ ದಾರೀಲಿ ಆ ಅರ್ಧ ಕಟ್ಟಿದ ಕಟ್ಟಡದ ಅಸ್ಥಿಪಂಜರ ನೋಡಿದ್ದು ಚೆನ್ನಾಗಿ ನೆನಪಿದೆ, ಅಮೆರಿಕದಲ್ಲೂ ಹಿಂಗಿರುತ್ತಾ ಅಂತ ಆಶ್ಚರ್ಯ ಪಟ್ಟಿದ್ದೆ, ನಮ್ಮೂರ ಫ್ಲೈಓವರ್ ಕಂಬಗಳ ಹಾಗೆ. 2020ರ ಹೊತ್ತಿಗೆ ಸಿನಿಮಾ ಥಿಯೇಟರು, ದಿನಸಿ ಅಂಗಡಿ ಅಂತ ಜೀವ ಬಂತು.

ಆದ್ರೆ ಅವತ್ತು ಜನ ಎಲ್ಲಿದ್ರು ಅಂತೀರಾ? ಕೆಡವದೇ ಬಿಟ್ಟ ಆ ಒಂದು ಬ್ಲಾಕಲ್ಲಿ. ಕೋವಿಡ್ ಟೈಮಲ್ಲಿ ಮರ್ಫಿ ಅವೆನ್ಯೂಗೆ ಕಾರು ಬಿಡೋದು ನಿಲ್ಲಿಸಿದ್ರಲ್ಲ, ರಸ್ತೆ ಮಧ್ಯಕ್ಕೇ ಟೇಬಲ್ಲು, ಮೇಲೆ ಸರದೀಪ, ಶನಿವಾರದ ರೈತರ ಸಂತೆ, ಮಕ್ಕಳು ರಸ್ತೇಲಿ ಓಡಾಡ್ತಿದಾವೆ. ಹಳೇ ಕಟ್ಟಡಗಳು, ಸಣ್ಣ ಸಣ್ಣ ಬಾಗಿಲು, ಹತ್ತು ಹೆಜ್ಜೆಗೊಂದು ಅಂಗಡಿ. ನಂಗೆ ತಕ್ಷಣ ಮೈಸೂರಿನ ದೇವರಾಜ ಮಾರ್ಕೆಟ್ ನೆನಪಾಯ್ತು. ಜೊತೆಗಿದ್ದ ಇಬ್ಬರಿಗೂ ಹೇಳಿದೆ, ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೋದ್ರೆ ಹೂವು, ಬಾಳೆಹಣ್ಣು, ಕುಂಕುಮದ ಗೋಪುರ, ಆ ಕಡೆ ಹೊರಗೆ ಬಂದ್ರೆ ಧನ್ವಂತ್ರಿ ರಸ್ತೆ. 2016ರ ಆಗಸ್ಟಲ್ಲಿ ರಿಪೇರಿ ನಡೀತಿರೋವಾಗ್ಲೇ ಧನ್ವಂತ್ರಿ ರಸ್ತೆ ಕಡೆಯ ಬಾಗಿಲು ಕುಸೀತು. ಅದಕ್ಕಿಂತ ಮುಂಚೆ 2012ರಲ್ಲಿ ಎದುರಿಗಿನ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಒಂದು ಭಾಗ ಬಿದ್ದು ನಾಲ್ಕು ಜನ ಸತ್ರು. ಕೆಡವಿ ಹಂಗೇ ಕಟ್ಟೋದಾ, ಇರೋದನ್ನೇ ಗಟ್ಟಿ ಮಾಡೋದಾ ಅಂತ ಸಮಿತಿ ಮೇಲೆ ಸಮಿತಿ, ಆಮೇಲೆ ಹೈಕೋರ್ಟು. ಊರಲ್ಲಿದ್ದಾಗ ನಾನೂ ಕೆಡವಿ ಹಾಕಿ ಅತ್ಲಾಗೆ, ಜೀವಕ್ಕಿಂತ ಹೆಚ್ಚಾ ಅನ್ನೋಳೇ. ಈ ಬ್ಲಾಕ್ ನೋಡಿದ ಮೇಲೆ ಅಷ್ಟು ಸುಲಭಕ್ಕೆ ಆ ಮಾತು ಬಾಯಿಗೆ ಬರಲ್ಲ.

ಅಲ್ಲಿಂದ ಬಂದು ಹುರುಪಲ್ಲಿ ನಮ್ಮೂರ ಮುಖ್ಯ ಬೀದಿಗೂ ಕಾರು ಬಿಡೋದು ಬೇಡ ಅಂತ ಸಲಹೆ ಕೊಟ್ವಿ, 4-3ರಲ್ಲಿ ಪಾಸಾಯ್ತು, ನಾನೇ ಮೋಷನ್ ತಂದಿದ್ದು. ಕೌನ್ಸಿಲ್ ಅದನ್ನ ಓದಿ, ನಮಗೆ ಧನ್ಯವಾದ ಹೇಳಿ, ವೀಕೆಂಡ್ ಮಾತ್ರ ಬಂದ್ ಅಂತ ಮಾಡ್ತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

ಬೆಂಚಿನ ವಿಷಯಕ್ಕೆ ಒಂದು ಪೂರ್ತಿ ಸಂಜೆ ಹೋಯ್ತು ಅಂದ್ರೆ ನಂಬ್ತೀರಾ. ಹೊಸ ಫುಟ್‌ಪಾತಿಗೆ ಹಾಕೋ ಬೆಂಚಿನ ಮೂರು ಡಿಸೈನ್ ಸ್ಕ್ರೀನ್ ಮೇಲೆ. ಒಂದಕ್ಕೆ ಬೆನ್ನಿಲ್ಲ, ನೋಡೋಕೆ ಚೆಂದ. ಎರಡನೇದಕ್ಕೆ ಬೆನ್ನು, ಎರಡು ತುದಿಗೂ ಮಧ್ಯಕ್ಕೂ ಕೈ. ಮೂರನೇದು ಬರೀ ಕಲ್ಲಿನ ದಿಮ್ಮಿ. ನಾನು ಎರಡನೇದು ಅಂದೆ, ಅಮ್ಮನಂಥೋರಿಗೆ ಎದ್ದೇಳೋಕೆ ಕೈ ಊರೋಕೆ ಏನಾದ್ರೂ ಬೇಕು. ತಕ್ಷಣ ಒಬ್ಬ ಹುಡುಗ ಪಬ್ಲಿಕ್ ಕಾಮೆಂಟಲ್ಲಿ, ಮಧ್ಯದ ಕೈ ಹಾಕೋದು ಮನೆ ಇಲ್ಲದವರು ಮಲಗ್ಬಾರ್ದು ಅಂತಲೇ, ಇದು ಕ್ರೌರ್ಯ ಅಂದ. ನಂಗೆ ಕೋಪ ಬಂತು ಮೊದಲು, ನಮ್ಮಮ್ಮನ ಮಂಡಿನೋವು ಕ್ರೌರ್ಯನಾ ಅಂತ. ಆಮೇಲೆ ಸ್ಟಾಫ್ ರಿಪೋರ್ಟ್ ತಿರುವಿ ಹಾಕಿದ್ರೆ ಮಧ್ಯದ ಕೈ ಯಾಕೆ ಅನ್ನೋದಕ್ಕೆ ಮಂಡಿ ಸುದ್ದಿನೇ ಇಲ್ಲ, "ದೀರ್ಘಕಾಲದ ಬಳಕೆ ತಡೆಯಲು" ಅನ್ನೋ ಥರ ನುಣ್ಣಗೆ ಬರೆದಿದ್ರು. ಹುಡುಗ ಸರಿಯಾಗೇ ಓದಿದ್ದ. ಕೊನೆಗೆ ಎರಡು ತುದಿಗೆ ಮಾತ್ರ ಕೈ, ಮಧ್ಯ ಖಾಲಿ ಅಂತ ತಿದ್ದುಪಡಿ ಹಾಕಿದ್ವಿ. ತುದೀಲಿ ಕೂತೋರು ಎದ್ದೇಳಬಹುದು, ಮಲಗೋರು ಮಲಗಬಹುದು. ಎಲ್ಲರಿಗೂ ಪೂರ್ತಿ ಖುಷಿ ಆಗ್ಲಿಲ್ಲ, 6-1.

ಸರಿ, ಸಿಗ್ನಲ್. ಇಷ್ಟರ ಮಧ್ಯೆ ನಾನು ಬಂದಿದ್ದೇ ಅದಕ್ಕೆ ಅನ್ನೋದು ಮರೆತಿರ್ಲಿಲ್ಲ. ಸ್ಟ್ಯಾಂಡರ್ಡ್ ಅಂದ್ರೆ ಏನು ಅಂತ ಹುಡುಕಿದಾಗ ಗೊತ್ತಾಯ್ತು, ಮನುಷ್ಯ ಸೆಕೆಂಡಿಗೆ 3.5 ಅಡಿ ನಡೀತಾನೆ ಅನ್ನೋ ಲೆಕ್ಕದಲ್ಲಿ ಆ ಕೌಂಟ್‌ಡೌನ್ ಇಡೋದು. 70 ಅಡಿ, 20 ಸೆಕೆಂಡ್. ಅಲ್ಲಿಗೆ ನಮ್ಮಮ್ಮ ಸ್ಟ್ಯಾಂಡರ್ಡ್ ಮನುಷ್ಯಳಲ್ಲ. ಆದ್ರೆ ಈ ಲೆಕ್ಕ ಇರೋ ಅದೇ ಕ್ಯಾಲಿಫೋರ್ನಿಯಾ ಸಿಗ್ನಲ್ ಕೈಪಿಡೀಲಿ ಇನ್ನೊಂದು ಸಾಲಿದೆ, ವಯಸ್ಸಾದವರು ಅಂಗವಿಕಲರು ವಾಡಿಕೆಯಾಗಿ ದಾಟೋ ಜಾಗ ಆದ್ರೆ ಸೆಕೆಂಡಿಗೆ 2.8 ಅಡಿ ಲೆಕ್ಕ ಹಿಡೀಬೇಕು ಅಂತ. 70ನ್ನ 2.8ರಿಂದ ಭಾಗಿಸಿ ನೋಡಿ. 25. ಐದು ಸೆಕೆಂಡ್ ಕೈಪಿಡಿಯಲ್ಲೇ ಇತ್ತು, ಯಾರೂ ಕೇಳಿರ್ಲಿಲ್ಲ ಅಷ್ಟೇ.

"ವಾಡಿಕೆಯಾಗಿ" ಅಂತ ತೋರಿಸೋದು ಹೆಂಗೆ? ಎರಡು ಶನಿವಾರ, ಒಂದು ಮಂಗಳವಾರ ಬೆಳಗ್ಗೆ ಫ್ಲಾಸ್ಕಲ್ಲಿ ಕಾಫಿ ತಗೊಂಡು ಫೋಲ್ಡಿಂಗ್ ಚೇರ್ ಹಾಕ್ಕೊಂಡು ಆ ಮೂಲೇಲಿ ಕೂತೆ. ಕೋಲು, ವಾಕರ್, ವೀಲ್‌ಚೇರ್, ಕೈಗಾಡಿ ಎಳ್ಕೊಂಡು ಹೋಗೋ ಚೈನೀಸ್ ಅಜ್ಜಿಗಳು, ಎಲ್ಲಾ ನೋಟ್‌ಬುಕ್ಕಲ್ಲಿ ಗೀಟು ಹಾಕಿ ಐದಕ್ಕೊಂದು ಅಡ್ಡಗೀಟು. ಸೀನಿಯರ್ ಸೆಂಟರ್ ಎರಡೇ ಬ್ಲಾಕ್ ದೂರ, ಬರದೆ ಇರ್ತಾರಾ? ಒಬ್ಬ ಅಜ್ಜಿ ನಾನು ಟಿಕೆಟ್ ಮಾರೋಳು ಅಂದ್ಕೊಂಡು ಹತ್ತಿರ ಬಂದು ಕೈಲಿ ದುಡ್ಡು ಹಿಡ್ಕೊಂಡು ನಿಂತಿದ್ರು.

ಆದ್ರೂ ಒಂದೇ ಸಲಕ್ಕೆ ಆಗಲ್ಲ. ಕಮಿಷನರ್ ಆದವಳು ನೇರ ಎಂಜಿನಿಯರ್‌ಗೆ ಹೋಗಿ ಮಾಡಿ ಅನ್ನಂಗಿಲ್ಲ. ಮೊದಲು ಇದನ್ನ ಮುಂದಿನ ಅಜೆಂಡಾಕ್ಕೆ ತಗೊಳಿ ಅಂತ ಕೇಳ್ಬೇಕು, ಇನ್ನೊಬ್ರು ಸೆಕೆಂಡ್ ಮಾಡ್ಬೇಕು, ಸ್ಟಾಫ್‌ಗೆ ಟೈಮ್ ಇದೆಯಾ ನೋಡ್ಬೇಕು, ವರ್ಷಕ್ಕೊಂದ್ಸಲ ಕೌನ್ಸಿಲ್ ಕೂತು ಯಾವ ವಿಷಯ ಸ್ಟಡಿ ಮಾಡೋದು ಅಂತ ಪಟ್ಟಿ ಮಾಡುತ್ತೆ, ಅದ್ರಲ್ಲಿ ಬರ್ಬೇಕು. ಮೊದಲ ವರ್ಷ ಪಟ್ಟಿಯಲ್ಲಿ ಕೆಳಗೆ ಬಿದ್ದು ಹೋಯ್ತು. ಎರಡನೇ ವರ್ಷ ನಾನು ಜಾಣತನ ಕಲಿತಿದ್ದೆ, ಬೇರೆ ಐಟಂ ಆಗಿ ತರದೆ ಡೌನ್‌ಟೌನ್ ಪ್ಲಾನಿನ ಸಲಹೆಗಳ ಒಳಗೇ ಒಂದು ಸಾಲು ಸೇರಿಸಿದೆ, ಡೌನ್‌ಟೌನ್‌ಗೆ ನಡ್ಕೊಂಡು ಬರೋ ದಾಟುಗಳಲ್ಲಿ 2.8 ಲೆಕ್ಕ ಹಿಡೀರಿ ಅಂತ, ನೋಟ್‌ಬುಕ್ಕಿನ ಫೋಟೋ ಜೊತೆಗೆ. ಟ್ರಾಫಿಕ್ ಎಂಜಿನಿಯರ್ ಚಿಕ್ಕ ಹುಡುಗ, ತಮಿಳಿನವನು, ಐದು ಸೆಕೆಂಡ್ ಕೊಟ್ರೆ ಸಂಜೆ ಹೊತ್ತು ಕಾರುಗಳು ಎಷ್ಟು ಕಾಯ್ಬೇಕಾಗುತ್ತೆ ಅಂತ ಗ್ರಾಫ್ ತೋರಿಸಿದ. ಈ ರಾಜ್ಯದಲ್ಲಿ ದಶಕಗಟ್ಟಲೆ ಪರಿಸರ ವರದೀಲಿ ಕಾರು ಎಷ್ಟು ಸೆಕೆಂಡ್ ಕಾಯುತ್ತೆ ಅನ್ನೋದೇ ಟ್ರಾಫಿಕ್ ಅಳತೆ ಆಗಿತ್ತು, 2020ರ ಜುಲೈಯಿಂದ ಅದನ್ನ ಬಿಟ್ಟು ಕಾರು ಎಷ್ಟು ಮೈಲಿ ಓಡುತ್ತೆ ಅಂತ ಅಳೀತಾರೆ, ಆದ್ರೆ ಸಿಗ್ನಲ್ ಇಡೋರ ಕೈ ಇನ್ನೂ ಆ ಹಳೇ ಲೆಕ್ಕಕ್ಕೇ ಹೋಗುತ್ತೆ. ನಾನು ಅವನ ಹತ್ರ ವಾದ ಮಾಡ್ಲಿಲ್ಲ. ನಿಮ್ಮಜ್ಜಿ ಎಷ್ಟು ಹೊತ್ತು ತಗೋತಾರೆ ಅಂತ ಕೇಳೋಣ ಅಂತ ಬಾಯಿ ತುದಿಗೆ ಬಂದಿತ್ತು, ನುಂಗ್ಕೊಂಡೆ, ರೆಕಾರ್ಡ್ ಆಗ್ತಿರುತ್ತೆ. ವೋಟಿಗೆ ಹಾಕಿದ್ರು, ಏಳೂ ಜನ ಕೈ ಎತ್ತಿದ್ರು. ಕೌನ್ಸಿಲ್ ಆ ಸಾಲನ್ನ ಚರ್ಚೆನೇ ಮಾಡ್ಲಿಲ್ಲ, ಪ್ಲಾನ್ ಜೊತೆ ಅದೂ ಪಾಸಾಗಿ ಹೋಯ್ತು. ಅಷ್ಟು ಸಣ್ಣದಾಗಿದ್ದಕ್ಕೇ ಪಾಸಾಗಿದ್ದು ಅಂತ ನನ್ನ ಅಂದಾಜು.

ಈ ಬೇಸಿಗೇಲಿ ಅಮ್ಮ ಮತ್ತೆ ಬಂದಿದಾಳೆ. ಮೊದಲನೇ ವಾರವೇ ಕರ್ಕೊಂಡು ಹೋದೆ, ಏನೂ ಹೇಳ್ಲಿಲ್ಲ, ಬಟನ್ ಒತ್ತಿ ಪಕ್ಕದಲ್ಲಿ ನಡೆದೆ. ಕೌಂಟ್‌ಡೌನ್ 25ರಿಂದ ಶುರುವಾಯ್ತು. ಆ ಕಡೆ ಇಳಿಜಾರಿನ ಹಳದಿ ಉಬ್ಬುಚುಕ್ಕೆ ಮೇಲೆ ಅಮ್ಮ ಕಾಲಿಟ್ಟಾಗ ಇನ್ನೂ 2 ಉಳಿದಿತ್ತು. ಈಗ ಗಮನಿಸಿದ್ಯಾ ಅಂತ ಕೇಳಿದೆ. ಏನು ಅಂದ್ಲು. ಎಲ್ಲಾ ಬಿಡಿಸಿ ಹೇಳಿದೆ, ಫಾರ್ಮ್ 700 ಇಂದ ಹಿಡಿದು. ಪೂರ್ತಿ ಕೇಳಿಸ್ಕೊಂಡು, "ಅದಿರ್ಲಿ, ಕೂತ್ಕೊಳೋಕೆ ಎಲ್ಲಿದೆ ಜಾಗ" ಅಂದ್ಲು. ಬೆಂಚು ಇನ್ನೂ ಬಂದಿಲ್ಲ, ಮುಂದಿನ ಬಜೆಟ್ಟಲ್ಲಿ ಅಂತೆ. ಗಿಡದ ಕುಂಡದ ಅಂಚಿನ ಮೇಲೆ ಕೂತು ಸೆರಗಿನ ಗಂಟು ಬಿಚ್ಚಿ ಹುರಿಗಡಲೆ ತೆಗೆದು ನಂಗೂ ಒಂದು ಹಿಡಿ ಕೊಟ್ಲು.